ಅಮ್ಮ ತಿಂಗಳಿಗೊಮ್ಮೆ ಬರುತ್ತಿದ್ದಳು

ವೇಲ್ಸ್‌ನ ಸ್ವಾನ್‌ಸೀ ಕಣಿವೆಯ ಮೇಲ್ತುದಿಯಲ್ಲಿ ಕ್ರೇಗ್-ಇ-ನೋಸ್ ಎಂಬ ಕೋಟೆಯಂಥ ಮನೆಯೊಂದಿದೆ. ಹತ್ತೊಂಬತ್ತನೆಯ ಶತಮಾನದ ಹೆಸರಾಂತ ಒಪೆರಾ ಗಾಯಕಿ ಅಡೆಲಿನಾ ಪ್ಯಾಟಿ ಅದನ್ನು 1878ರಲ್ಲಿ ಕೊಂಡರು. ತಾವು ಹಾಡಲೆಂದೇ ಅಲ್ಲೊಂದು ರಂಗಮಂದಿರ ಕಟ್ಟಿಸಿಕೊಂಡರು. 1919ರಲ್ಲಿ ಅಲ್ಲೇ ತೀರಿಕೊಂಡರು. ಮೂರು ವರ್ಷ ಕಳೆಯುವಷ್ಟರಲ್ಲಿ ಆ ಮನೆ ಕ್ಷಯದ ಆಸ್ಪತ್ರೆಯಾಗಿತ್ತು. 1922ರಿಂದ 1959ರವರೆಗೆ ದಕ್ಷಿಣ ವೇಲ್ಸ್‌ನ ಕಲ್ಲಿದ್ದಲ ಊರುಗಳಿಂದ, ಬೆಟ್ಟದ ಹೊಲಮನೆಗಳಿಂದ ಬಂದ ಮಕ್ಕಳು ಮತ್ತು ಹರೆಯದ ಹೆಣ್ಣುಮಕ್ಕಳು ಅಲ್ಲಿ ತಿಂಗಳುಗಟ್ಟಲೆ, ಕೆಲವರು ವರ್ಷಗಟ್ಟಲೆ ಮಲಗಿದ್ದರು. ಈಗ ಅದು ಹೋಟೆಲು. ಮದುವೆಯ ಆರತಕ್ಷತೆಗಳು ನಡೆಯುತ್ತವೆ.

ಮಲಗಿದ್ದರು ಎಂಬುದನ್ನು ಅಕ್ಷರಶಃ ಓದಿಕೊಳ್ಳಬೇಕು. ಏಕೆಂದರೆ ಮಲಗುವುದೇ ಚಿಕಿತ್ಸೆಯಾಗಿತ್ತು. ರಾಬರ್ಟ್ ಕೋಖ್ 1882ರಲ್ಲಿ ಕ್ಷಯದ ಬ್ಯಾಕ್ಟೀರಿಯಾವನ್ನು ತೋರಿಸಿಕೊಟ್ಟಿದ್ದರೂ ಅದನ್ನು ಕೊಲ್ಲುವ ಔಷಧಿ ಸಿಕ್ಕಿದ್ದು 1943ರಲ್ಲಿ, ಸ್ಟ್ರೆಪ್ಟೊಮೈಸಿನ್ ರೂಪದಲ್ಲಿ. ಅದು ಸಾಮಾನ್ಯ ರೋಗಿಗಳ ಕೈಗೆ ಬರಲು ಇನ್ನಷ್ಟು ವರ್ಷ ಹಿಡಿಯಿತು. ನಡುವಿನ ಅರವತ್ತು ವರ್ಷ ವೈದ್ಯರ ಬಳಿ ಮುಖ್ಯವಾಗಿ ಇದ್ದದ್ದು ಮೂರು: ವಿಶ್ರಾಂತಿ, ಪುಷ್ಟಿಕರ ಊಟ, ತಣ್ಣನೆಯ ಬಯಲ ಗಾಳಿ. ಈ ಕೊನೆಯದನ್ನು ವೇಲ್ಸ್‌ನಲ್ಲಿ ಧಾರಾಳವಾಗಿ ಕೊಟ್ಟರು. ಮಂಚಗಳನ್ನು ತೆರೆದ ಬಾಲ್ಕನಿಗೆ ತಳ್ಳಿ, ಮಳೆ ಬಂದರೆ ಮೇಲೊಂದು ಟಾರ್ಪಾಲಿನ್ ಹೊದೆಸುತ್ತಿದ್ದರು. ಬೆಳಗ್ಗೆ ಏಳುವಾಗ ಹೊದಿಕೆಯ ಮೇಲೆ ಹಿಮ ಬಿದ್ದಿರುತ್ತಿತ್ತು ಎಂದು ಅಲ್ಲಿದ್ದವರು ಮುಪ್ಪಿನಲ್ಲೂ ಹೇಳುತ್ತಿದ್ದರು. ಎದ್ದು ಓಡಾಡುವ ಮಗುವನ್ನು ಪಟ್ಟಿ ಬಿಗಿದು ಮಂಚಕ್ಕೆ ಕಟ್ಟಿಹಾಕಿದ್ದೂ ಉಂಟು. ಬೆನ್ನುಮೂಳೆಗೆ ಕ್ಷಯ ತಗುಲಿದವರದ್ದು ಇನ್ನೂ ಕಷ್ಟ. ಮೂಳೆ ಅಲುಗದಂತೆ ಪ್ಲಾಸ್ಟರಿನ ಅಚ್ಚಿನಲ್ಲಿ ಅಂಗಾತ ಮಲಗಿಸಿದರೆ ಒಂದು ವರ್ಷಕ್ಕೂ ಮಿಕ್ಕಿ ಅದೇ ಭಂಗಿ.

ಹೀಗೆ ಮಲಗಿದ್ದ ಮಗುವೊಂದು ಮುಂದೆ ದೊಡ್ಡದಾಗಿ, ಮದುವೆಯಾಗಿ, ಅಜ್ಜಿಯಾಗಿ, ಆ ವರ್ಷಗಳ ಬಗ್ಗೆ ಹೆಚ್ಚು ಬಾಯಿಬಿಡದೆ ಇರುತ್ತದೆ. ಆಮೇಲೆ ಮಗಳೋ ಮೊಮ್ಮಗನೋ ಹುಡುಕಲು ಹೊರಡುತ್ತಾರೆ. ಯಾವ ಆಸ್ಪತ್ರೆ, ಯಾವ ವರ್ಷ, ಏನಾಗಿತ್ತು ಎಂಬ ಪ್ರಶ್ನೆಗಳ ಕೆಳಗೆ ಸಾಮಾನ್ಯವಾಗಿ ಇನ್ನೊಂದು ಪ್ರಶ್ನೆ ಇರುತ್ತದೆ: ಅಷ್ಟು ಚಿಕ್ಕ ಮಗುವನ್ನು ಅಪ್ಪ ಅಮ್ಮ ಅಲ್ಲಿ ಯಾಕೆ ಬಿಟ್ಟುಬಂದರು? ಇದಕ್ಕೆ ಕೇಸ್ ಶೀಟಿನಲ್ಲಿ ಉತ್ತರ ಸಿಗುವುದು ಅಪರೂಪ. ಆ ಕಾಲದ ವೈದ್ಯಶಾಸ್ತ್ರದಲ್ಲಿ, ಅದಕ್ಕಿಂತ ಹೆಚ್ಚಾಗಿ ಆಸ್ಪತ್ರೆಯ ನಿಯಮಗಳಲ್ಲಿ ಸಿಗುತ್ತದೆ. ಕುಟುಂಬದ ಮೇಲೆ ಹೊರಿಸಿದ ಎಷ್ಟೋ ಆಪಾದನೆಗಳು ನಿಜವಾಗಿ ಗೇಟಿನ ಬಳಿ ತೂಗುಹಾಕಿದ್ದ ಭೇಟಿಯ ವೇಳಾಪಟ್ಟಿಗೆ ಸಲ್ಲಬೇಕಾದವು.

ಕ್ರೇಗ್-ಇ-ನೋಸ್‌ನಲ್ಲಿ ಅಪ್ಪ ಅಮ್ಮಂದಿರಿಗೆ ತಿಂಗಳಿಗೊಮ್ಮೆ ಭೇಟಿ. ಒಡಹುಟ್ಟಿದವರನ್ನು ಒಳಗೆ ಬಿಡುತ್ತಿರಲಿಲ್ಲ. ಕೆಳಗೆ ಹುಲ್ಲಿನ ಮೇಲೆ ನಿಂತು ಬಾಲ್ಕನಿಯತ್ತ ಕೈಬೀಸಬೇಕಿತ್ತು. ಗಣಿ ಕಾರ್ಮಿಕನ ಮನೆಯಿಂದ ಬಸ್ಸು ಬದಲಾಯಿಸಿ ಆ ಕಣಿವೆಯ ತುದಿಗೆ ಬರಲು ದುಡ್ಡೂ ಬೇಕು, ರಜೆಯೂ ಬೇಕು. ಚಳಿಗಾಲದಲ್ಲಿ ರಸ್ತೆ ಮುಚ್ಚಿದರೆ ಆ ತಿಂಗಳ ಭೇಟಿ ಹೋಯಿತು. ಐದು ವರ್ಷದ ಮಗುವಿಗೆ ತಿಂಗಳೆಂದರೆ ಎಷ್ಟು ಉದ್ದ ಎಂದು ಯಾರೂ ಯೋಚಿಸಲಿಲ್ಲವೇ? ಯೋಚಿಸಿದ್ದರು, ಆದರೆ ತಿರುವುಮುರುವಾಗಿ. ಅಮ್ಮ ಬಂದು ಹೋದ ಮೇಲೆ ಮಕ್ಕಳು ಅಳುತ್ತವೆ, ಊಟ ಬಿಡುತ್ತವೆ, ಜ್ವರ ಏರುತ್ತದೆ. ಅಮ್ಮ ಬರದಿದ್ದರೆ ಕೆಲವೇ ದಿನಗಳಲ್ಲಿ ಹೊಂದಿಕೊಂಡು ಸುಮ್ಮನಿರುತ್ತವೆ. ಆದ್ದರಿಂದ ಭೇಟಿ ಕಡಿಮೆಯಾದಷ್ಟೂ ಮಗುವಿಗೆ ಒಳ್ಳೆಯದು. ಬ್ರಿಟನ್ನಿನ ಬಹುತೇಕ ಆಸ್ಪತ್ರೆಗಳು ನಂಬಿದ್ದ ತರ್ಕ ಇದು. ರೋಗಿಯ ಮಂಚದ ಕೆಳಗೇ ಚಾಪೆ ಹಾಸಿ, ಕಾರಿಡಾರಿನಲ್ಲಿ ಗಂಜಿ ಕಾಯಿಸುವ ನಮ್ಮ ಆಸ್ಪತ್ರೆಗಳ ಗದ್ದಲವನ್ನು ಬೈಯುವವರು ಒಮ್ಮೆ ಈ ಶಿಸ್ತನ್ನೂ ನೋಡಬೇಕು.

ಆ ಸುಮ್ಮನಿರುವಿಕೆಯನ್ನು ಬೇರೆ ಕಣ್ಣಿನಿಂದ ನೋಡಿದವರು ಜೇಮ್ಸ್ ರಾಬರ್ಟ್‌ಸನ್. ಮಕ್ಕಳ ಮನಸ್ಸಿನ ಬಗ್ಗೆ ಕೆಲಸ ಮಾಡುತ್ತಿದ್ದ ಜಾನ್ ಬೌಲ್ಬಿಯ ಜೊತೆಗಾರರಾಗಿ 1948ರಿಂದ ಅವರು ಆಸ್ಪತ್ರೆಯ ಮಕ್ಕಳನ್ನು ಗಮನಿಸತೊಡಗಿದರು. ಮಗು ಮೊದಲು ಪ್ರತಿಭಟಿಸುತ್ತದೆ, ಆಮೇಲೆ ಹತಾಶವಾಗುತ್ತದೆ, ಕೊನೆಗೆ ಅಮ್ಮ ಬಂದರೂ ಬರದಿದ್ದರೂ ಒಂದೇ ಎಂಬಂತೆ ಕಳಚಿಕೊಳ್ಳುತ್ತದೆ. ನರ್ಸುಗಳು ‘ಹೊಂದಿಕೊಂಡಿದೆ’ ಎನ್ನುವುದು ಈ ಮೂರನೆಯ ಹಂತಕ್ಕೆ ಎಂದರು. ಯಾರೂ ಒಪ್ಪದಿದ್ದಾಗ ಸಣ್ಣದೊಂದು ಕ್ಯಾಮೆರಾ ಕೊಂಡು, ಎಂಟು ದಿನ ಆಸ್ಪತ್ರೆಯಲ್ಲಿದ್ದ ಎರಡು ವರ್ಷದ ಹುಡುಗಿಯನ್ನು ಚಿತ್ರೀಕರಿಸಿದರು. 1952ರಲ್ಲಿ ಆ ಚಿತ್ರ ನೋಡಿದ ವೈದ್ಯರಲ್ಲಿ ಹಲವರು ಸಿಟ್ಟಾದರು. ಆದರೂ ಅದು ಕೆಲಸ ಮಾಡಿತು. 1959ರಲ್ಲಿ ಪ್ಲಾಟ್ ಸಮಿತಿಯ ವರದಿ, ಮಕ್ಕಳ ವಾರ್ಡಿನಲ್ಲಿ ಹೆತ್ತವರ ಭೇಟಿಗೆ ಗಂಟೆ ಗಡಿಯಾರ ಇರಕೂಡದು ಎಂದು ಶಿಫಾರಸು ಮಾಡಿತು.

ಇನ್ನೊಂದು ವಿಷಯ. ಕ್ಷಯ ಎಂದೊಡನೆ ಸೋಂಕಿನ ಭಯ ನೆನಪಾಗುತ್ತದೆ. ಮಗುವನ್ನು ದೂರ ಇಟ್ಟದ್ದು ಊರಿನ ರಕ್ಷಣೆಗೆ ಎಂದುಕೊಳ್ಳುತ್ತೇವೆ. ವಾಸ್ತವದಲ್ಲಿ ಚಿಕ್ಕ ಮಕ್ಕಳ ಕ್ಷಯ ಇತರರಿಗೆ ಹರಡುವುದು ಕಡಿಮೆ. ಅವರ ಶ್ವಾಸಕೋಶದಲ್ಲಿ ಬ್ಯಾಕ್ಟೀರಿಯಾಗಳ ಸಂಖ್ಯೆ ಸಣ್ಣದು, ಕೆಮ್ಮಿ ಹೊರಹಾಕುವ ಶಕ್ತಿಯೂ ಸಾಲದು. ಸಾಮಾನ್ಯವಾಗಿ ಮಗುವಿಗೆ ರೋಗ ಬಂದಿರುವುದು ಮನೆಯ ದೊಡ್ಡವರಿಂದ. ಆದ್ದರಿಂದ ಮಗುವನ್ನು ಆಸ್ಪತ್ರೆಗೆ ಒಯ್ದದ್ದರಲ್ಲಿ ಮನೆಯಿಂದ ಅದನ್ನು ಕಾಪಾಡುವ ಉದ್ದೇಶವೂ ಇತ್ತು. ಬ್ರಿಟನ್ನಿನಲ್ಲಿ ಮತ್ತೊಂದು ದಾರಿಯೂ ಇತ್ತು, ಹಾಲು. ಕ್ಷಯ ತಗುಲಿದ ಹಸುವಿನ ಹಾಲನ್ನು ಹಸಿಯಾಗಿಯೇ ಕುಡಿದ ಮಕ್ಕಳಿಗೆ ಕುತ್ತಿಗೆಯ ಗಂಟು, ಹೊಟ್ಟೆ, ಮೂಳೆ, ಕೀಲುಗಳಲ್ಲಿ ರೋಗ ಕಾಣಿಸಿಕೊಳ್ಳುತ್ತಿತ್ತು. 1930ರ ದಶಕದ ಅಂದಾಜಿನಂತೆ ಹೀಗೆ ಸಾಯುತ್ತಿದ್ದವರು ವರ್ಷಕ್ಕೆ ಎರಡು ಸಾವಿರಕ್ಕೂ ಹೆಚ್ಚು, ಬಹಳಷ್ಟು ಮಕ್ಕಳೇ. ಪಾಶ್ಚರೀಕರಣವನ್ನು ಕಾನೂನಿನ ಮೂಲಕ ಹಂತಹಂತವಾಗಿ ಕಡ್ಡಾಯ ಮಾಡಿದ್ದು 1949ರ ನಂತರ. ಕಾಯಿಸಿ ಉಕ್ಕಿಸದ ಹಾಲನ್ನು ಮಗುವಿಗೆ ಕೊಡಲೊಲ್ಲದ ನಮ್ಮ ಅಜ್ಜಿಯರು ಬ್ಯಾಕ್ಟೀರಿಯಾದ ಹೆಸರು ಕೇಳಿರಲಿಲ್ಲ. ಆದರೂ ಈ ಒಂದು ದಾರಿಯನ್ನು ಮುಚ್ಚಿಟ್ಟಿದ್ದರು.

ಇನ್ನು ಹುಡುಕುವ ವಿಚಾರ. ಇದರಲ್ಲಿ ಬ್ರಿಟನ್ನಿನ ಎರಡು ಆಸ್ಪತ್ರೆಗಳು ಎರಡು ತುದಿಗಳು. ಕ್ರೇಗ್-ಇ-ನೋಸ್‌ನ ರೋಗಿಗಳ ವೈದ್ಯಕೀಯ ದಾಖಲೆ ಉಳಿದದ್ದು ತೀರಾ ಅಲ್ಪ. ಅಲ್ಲಿ ಹುಡುಗಿಯಾಗಿ ನಾಲ್ಕು ವರ್ಷ ಇದ್ದ, ಮುಂದೆ ಪತ್ರಕರ್ತೆಯಾದ ಆನ್ ಶಾ 2006ರ ಸುಮಾರಿಗೆ ತನ್ನಂಥವರು ಎಲ್ಲಿದ್ದಾರೆಂದು ಕೇಳತೊಡಗಿದರು. ಉತ್ತರಗಳು ಒಂದರ ಹಿಂದೊಂದು ಬಂದವು. ತಾನೊಬ್ಬಳೇ ಹಾಗೆ ಬಳಲಿದ್ದು ಎಂದು ಅರ್ಧ ಶತಮಾನ ನಂಬಿಕೊಂಡಿದ್ದ ಹೆಂಗಸರು ಪಕ್ಕದ ಮಂಚದ ಗೆಳತಿಯನ್ನು ಗುರುತಿಸಿದರು. ಆಗಿನ ಮಕ್ಕಳ ಕೈಯಲ್ಲಿ ಅಗ್ಗದ ಡಬ್ಬಿ ಕ್ಯಾಮೆರಾಗಳಿದ್ದವು. ತಮ್ಮನ್ನು ತಾವೇ ತೆಗೆದುಕೊಂಡ ನೂರಾರು ಫೋಟೊಗಳು ಡ್ರಾಯರುಗಳಿಂದ ಹೊರಬಂದವು. ವೈದ್ಯಕೀಯ ಇತಿಹಾಸಕಾರ್ತಿ ಕ್ಯಾರೊಲ್ ರೀವ್ಸ್ ಜೊತೆ ಸೇರಿ ಆನ್ ಶಾ 2009ರಲ್ಲಿ ಅದನ್ನೆಲ್ಲ ಪುಸ್ತಕವಾಗಿ ತಂದರು. ರೋಗಿಗಳ ಜೊತೆಗೆ ನರ್ಸುಗಳು, ಸಿಬ್ಬಂದಿಯ ನೆನಪುಗಳೂ ಅದರಲ್ಲಿವೆ. ಕ್ರೌರ್ಯ ಕಂಡವರು ಇದ್ದಾರೆ, ಅಲ್ಲಿ ಕಳೆದ ದಿನಗಳೇ ಬಾಳಿನ ಅತ್ಯಂತ ಸುಖದ ದಿನಗಳು ಎಂದವರೂ ಇದ್ದಾರೆ. ಇಬ್ಬರೂ ಇದ್ದದ್ದು ಅದೇ ಬಾಲ್ಕನಿಯಲ್ಲಿ. ಒಬ್ಬರ ನೆನಪನ್ನು ಹಿಡಿದುಕೊಂಡು ಇಡೀ ಆಸ್ಪತ್ರೆಯ ಬಗ್ಗೆ ತೀರ್ಪು ಕೊಡುವವರಿಗೆ ಈ ಪುಸ್ತಕ ಕೊಂಚ ತೊಡಕು.

ಇನ್ನೊಂದು ತುದಿ, ಇಂಗ್ಲೆಂಡಿನ ಉತ್ತರ ಭಾಗದ ಸ್ಟ್ಯಾನಿಂಗ್‌ಟನ್. 1907ರಲ್ಲಿ ತೆರೆದ ಇದು, ಕ್ಷಯ ತಗುಲಿದ ಮಕ್ಕಳಿಗಾಗಿಯೇ ಬ್ರಿಟನ್ನಿನಲ್ಲಿ ಕಟ್ಟಿದ ಮೊದಲ ಸ್ಯಾನಿಟೋರಿಯಂ. ನ್ಯೂಕ್ಯಾಸಲ್ ಸುತ್ತಿನ ಬಡ ಮಕ್ಕಳಿಗೆ ರಜೆಯ ಪ್ರವಾಸ ಏರ್ಪಡಿಸುತ್ತಿದ್ದ ದತ್ತಿ ಸಂಸ್ಥೆಯೊಂದು ಅದನ್ನು ನಡೆಸುತ್ತಿತ್ತು. ಇದರ ಕಾಗದಗಳು ಉಳಿದವು. ಸಾವಿರಾರು ಮಕ್ಕಳ ಕಡತಗಳು, 14 ಸಾವಿರಕ್ಕೂ ಮಿಕ್ಕಿದ ಎಕ್ಸ್-ರೇಗಳು ಈಗ ನಾರ್ತಂಬರ್‌ಲ್ಯಾಂಡ್ ಪತ್ರಾಗಾರದಲ್ಲಿವೆ. ವೆಲ್‌ಕಮ್ ಟ್ರಸ್ಟಿನ ನೆರವಿನಿಂದ ಅವನ್ನು ಪಟ್ಟಿಮಾಡಿ, ಎಕ್ಸ್-ರೇಗಳನ್ನು ಡಿಜಿಟಲ್ ಮಾಡಲಾಗಿದೆ. ವೈದ್ಯಕೀಯ ದಾಖಲೆಗಳಿಗೆ ನೂರು ವರ್ಷದ ಗೋಪ್ಯತೆ ಇರುವುದರಿಂದ ಹೆಸರುಗಳನ್ನು ಮರೆಮಾಡಿ ಸಾರಾಂಶ ಮಾತ್ರ ಸಾರ್ವಜನಿಕರಿಗೆ ಕೊಡುತ್ತಾರೆ. ರೋಗಿಯಾಗಿದ್ದವರು ತಮ್ಮ ಕಡತವನ್ನು ತಾವೇ ಕೇಳಿ ನೋಡಬಹುದು. ಎಪ್ಪತ್ತು ವರ್ಷದ ಹಿಂದಿನ ತನ್ನದೇ ಎದೆಗೂಡನ್ನು ಪರದೆಯ ಮೇಲೆ ನೋಡುವ ಅವಕಾಶ ಎಷ್ಟು ಜನಕ್ಕೆ ಸಿಕ್ಕೀತು!

ಕಡತ ಸಿಗದವರಿಗೆ ಅಡ್ಡದಾರಿಗಳಿವೆ. ಯುದ್ಧ ಶುರುವಾದೊಡನೆ, 1939ರ ಸೆಪ್ಟೆಂಬರ್ 29ರಂದು, ಇಂಗ್ಲೆಂಡ್ ಮತ್ತು ವೇಲ್ಸ್‌ನ ಎಲ್ಲ ನಾಗರಿಕರ ಹೆಸರು ಬರೆದುಕೊಂಡರು. ಆಸ್ಪತ್ರೆಯಲ್ಲಿದ್ದ ರೋಗಿಗಳ ಹೆಸರೂ ಅದರಲ್ಲಿದೆ. ಹುಟ್ಟಿ ನೂರು ವರ್ಷ ತುಂಬದವರ ಸಾಲನ್ನು ಮುಚ್ಚಿಟ್ಟಿರುತ್ತಾರೆ, ಆದರೆ ಮರಣದ ಪುರಾವೆ ಕೊಟ್ಟರೆ ತೆರೆಯುತ್ತಾರೆ. ಊರಿನ ಆರೋಗ್ಯಾಧಿಕಾರಿಯ ವಾರ್ಷಿಕ ವರದಿಯಲ್ಲಿ ಹೆಸರಿಲ್ಲದಿದ್ದರೂ ಆ ವರ್ಷ ಎಷ್ಟು ಮಕ್ಕಳನ್ನು ಎಲ್ಲಿಗೆ ಕಳಿಸಿದರು ಎಂಬುದು ಸಿಗುತ್ತದೆ. ಶಾಲೆಯ ದಾಖಲಾತಿ ಪುಸ್ತಕವಂತೂ ಇದ್ದೇ ಇದೆ.

ಈ ಕೊನೆಯ ಎರಡು ನಮಗೂ ಒದಗುತ್ತವೆ. ಆದರೆ ಮೊದಲು ಮಗು ಯಾವ ಆಸ್ಪತ್ರೆಯಲ್ಲಿತ್ತು ಎಂದು ತಿಳಿಯಬೇಕು. ಮೈಸೂರಿನ ಕೆ.ಆರ್.ಎಸ್. ರಸ್ತೆಯ ಪಿಕೆಟಿಬಿ ಆಸ್ಪತ್ರೆಯ ಹೆಸರಿನಲ್ಲಿರುವುದು ನಾಲ್ವಡಿ ಕೃಷ್ಣರಾಜ ಒಡೆಯರ ಸೋದರಿ, ಕ್ಷಯದಿಂದಲೇ ತೀರಿಕೊಂಡ ರಾಜಕುಮಾರಿ ಕೃಷ್ಣಾಜಮ್ಮಣ್ಣಿ. ಅರಮನೆಯನ್ನೂ ಬಿಡದ ರೋಗ ಅದು. ಬೆಂಗಳೂರಿನವರು ನಿಮ್ಹಾನ್ಸ್ ಪಕ್ಕದ ಎಸ್‌ಡಿಎಸ್ ಸ್ಯಾನಿಟೋರಿಯಂಗೆ ಹೋಗುತ್ತಿದ್ದರು. ಅದೀಗ ರಾಜೀವ್ ಗಾಂಧಿ ಎದೆರೋಗಗಳ ಸಂಸ್ಥೆ. ಕೋಲಾರ ಸೀಮೆಯವರಿಗೆ ಗಡಿಯಾಚೆಯ ಮದನಪಲ್ಲಿ ಹತ್ತಿರ. ಅಲ್ಲಿ ಕ್ರೈಸ್ತ ಮಿಷನ್ನುಗಳು ಕೂಡಿ 1915ರಲ್ಲಿ ತೆರೆದ ಆರೋಗ್ಯವರಂ ಸ್ಯಾನಿಟೋರಿಯಂ ದಕ್ಷಿಣ ಭಾರತಕ್ಕೆಲ್ಲ ಹೆಸರುವಾಸಿ. ಬೆಳಗಾವಿ ಕಡೆಯವರಿಗೆ ಮೀರಜ್ ಪಕ್ಕದ ವಾನ್ಲೆಸ್‌ವಾಡಿ, ಮದರಾಸಿನ ನಂಟಿದ್ದವರಿಗೆ 1928ರಲ್ಲಿ ಡಾ. ಚೌರಿ ಮುತ್ತು ಆರಂಭಿಸಿದ ತಾಂಬರಂ. ಈ ಮುತ್ತು ಮೊದಲು ಇಂಗ್ಲೆಂಡಿನ ಮೆಂಡಿಪ್ ಬೆಟ್ಟಗಳಲ್ಲಿ ಸ್ಯಾನಿಟೋರಿಯಂ ನಡೆಸುತ್ತಿದ್ದರು. ಗಣಿತಜ್ಞ ರಾಮಾನುಜನ್ ಕೂಡ ಕೆಲಕಾಲ ಅಲ್ಲಿ ಅವರ ರೋಗಿಯಾಗಿದ್ದರು.

ಈ ಹೆಸರುಗಳಲ್ಲಿ ಒಂದನ್ನು ನಿಮ್ಮ ಮನೆಯಲ್ಲಿ ಯಾರಾದರೂ ಅಂದಿದ್ದರೆ ಅರ್ಧ ಕೆಲಸ ಆದಂತೆ. ಅನ್ನದೇ ಇರುವ ಸಾಧ್ಯತೆಯೇ ಹೆಚ್ಚು. ಹೆಣ್ಣುಮಗುವಾದರೆ ಮದುವೆಯ ಮಾತು ಮುರಿದೀತೆಂದು ಮುಚ್ಚಿಟ್ಟಿರುತ್ತಾರೆ. ಆಸ್ಪತ್ರೆಗೆ ಹೋಗಿ ಹಳೆಯ ಕೇಸ್ ಶೀಟು ಕೇಳಿದರೆ ಸಿಗುತ್ತದೆಂಬ ಭರವಸೆ ಬೇಡ. 2002ರ ಭಾರತೀಯ ವೈದ್ಯಕೀಯ ಮಂಡಳಿಯ ನಿಯಮದಂತೆ ಒಳರೋಗಿಯ ದಾಖಲೆಯನ್ನು ಮೂರು ವರ್ಷ ಇಟ್ಟುಕೊಂಡರೆ ಸಾಕು. ಮೂರು ವರ್ಷ ಎಲ್ಲಿ, ನೂರು ವರ್ಷ ಎಲ್ಲಿ. ಹಾಗಾಗಿ ನಮ್ಮ ಪತ್ರಾಗಾರ ಅಟ್ಟದ ಮೇಲಿನ ಟ್ರಂಕು. ಮನಿಯಾರ್ಡರ್ ರಸೀದಿ, ಇನ್‌ಲ್ಯಾಂಡ್ ಲೆಟರ್, ಪೋಸ್ಟ್ ಕಾರ್ಡು, ಕಂದು ಲಕೋಟೆಯಲ್ಲಿ ಸುರುಳಿಗಟ್ಟಿದ ಎಕ್ಸ್-ರೇ ಎಲ್ಲವೂ ಅಲ್ಲಿರಬಹುದು. ಅದೂ ಇಲ್ಲವಾದರೆ ದೇಹವೇ ಸಾಕ್ಷಿ. ಗಂಡಮಾಲೆ ಕೊಯ್ದ ಕುತ್ತಿಗೆಯ ಕಲೆ, ಗೂನು, ಒಂದು ಕಡೆ ಕುಸಿದ ಭುಜ, ಈಗಿನ ಎಕ್ಸ್-ರೇಯಲ್ಲೂ ಕಾಣುವ ಸುಣ್ಣಗಟ್ಟಿದ ಸಣ್ಣ ಚುಕ್ಕೆ. ಇವುಗಳಿಂದ ಯಾವ ಅಂಗಕ್ಕೆ ರೋಗ ತಗುಲಿತ್ತು ಎಂಬುದನ್ನು ಎದೆರೋಗ ತಜ್ಞರು ಸುಮಾರಾಗಿ ಹೇಳಬಲ್ಲರು.

ನಮ್ಮ ಸೋದರತ್ತೆ ಚಿಕ್ಕಂದಿನಲ್ಲಿ ಹೀಗೊಂದು ಸ್ಯಾನಿಟೋರಿಯಂನಲ್ಲಿದ್ದವರು. ಅಪ್ಪ ನನ್ನನ್ನು ನೋಡಲು ಎರಡೇ ಸಲ ಬಂದದ್ದು ಎಂದು ಕೊನೆಯವರೆಗೂ ಹೇಳುತ್ತಿದ್ದರು. ಆ ಮಾತಿನಲ್ಲಿ ಸಿಟ್ಟಿಗಿಂತ ಲೆಕ್ಕ ಹೆಚ್ಚಿರುತ್ತಿತ್ತು. ಅತ್ತೆ ಹೋದ ಮೇಲೆ ತಾತನ ಖರ್ಚಿನ ಪುಸ್ತಕ ಸಿಕ್ಕಿತು. ಅಡಿಕೆ, ಸೀಮೆಎಣ್ಣೆ, ಕೂಲಿಯವರ ಪಡಿಯ ನಡುವೆ ‘ಮಗುವಿನ ಹಾಲಿನ ಬಾಬ್ತು’, ‘ಮದ್ದಿನ ಬಾಬ್ತು’, ಅದರ ಕೆಳಗೆ ‘ರೈಲು, ಬಸ್ಸು ಚಾರ್ಜು’. ಹೆಚ್ಚುಕಡಿಮೆ ಪ್ರತಿ ತಿಂಗಳೂ ಆ ಸಾಲು ಇದೆ. ತಾತ ಹೋಗಿದ್ದಂತೂ ನಿಜ. ಒಳಗೆ ಬಿಟ್ಟರೋ, ಆಫೀಸಿನಲ್ಲಿ ಹಣ ಕಟ್ಟಿ ಡಾಕ್ಟರನ್ನು ಕಂಡು ವಾಪಸು ಬಂದರೋ ಪುಸ್ತಕ ಹೇಳುವುದಿಲ್ಲ. ಅತ್ತೆಯ ಲೆಕ್ಕವೂ ಸುಳ್ಳಿರಲಾರದು. ಅವರು ಕಂಡದ್ದು ಎರಡೇ ಸಲ ಇರಬಹುದು. ಮಗುವಿನ ನೆನಪು ಮತ್ತು ದೊಡ್ಡವರ ಕಾಗದ ಎರಡನ್ನೂ ಪಕ್ಕಪಕ್ಕ ಇಟ್ಟಾಗಲಷ್ಟೆ ನಡುವೆ ನಿಂತಿದ್ದ ಆಸ್ಪತ್ರೆಯ ಬಾಗಿಲು ಕಣ್ಣಿಗೆ ಬೀಳುತ್ತದೆ.

ಆ ಬಾಗಿಲು ತೆರೆದದ್ದರಲ್ಲಿ ನಮ್ಮ ಭಾಗದ ಪಾತ್ರ ದೊಡ್ಡದು. ಮತ್ತೆ 1959ಕ್ಕೇ ಬರಬೇಕು. ಕ್ರೇಗ್-ಇ-ನೋಸ್ ಕ್ಷಯ ರೋಗಿಗಳನ್ನು ಬೇರೆಡೆಗೆ ಕಳಿಸಿ ವೃದ್ಧರ ಆಸ್ಪತ್ರೆಯಾದ ವರ್ಷ ಅದು, ಪ್ಲಾಟ್ ವರದಿ ಬಂದ ವರ್ಷವೂ ಅದು. ಅದೇ ವರ್ಷ ಮದರಾಸಿನ ಅಧ್ಯಯನವೊಂದು ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಪ್ರಕಟವಾಯಿತು. ವೈದ್ಯ ವ್ಯಾಲೇಸ್ ಫಾಕ್ಸ್ ನೇತೃತ್ವದಲ್ಲಿ 1956ರಲ್ಲಿ ಅಲ್ಲಿ ಆರಂಭವಾದ ಕ್ಷಯ ಚಿಕಿತ್ಸಾ ಸಂಶೋಧನೆಯ ಕೇಂದ್ರವು ಬಡ ರೋಗಿಗಳನ್ನು ಎರಡು ಗುಂಪು ಮಾಡಿತು. ಒಂದು ಗುಂಪು ಸ್ಯಾನಿಟೋರಿಯಂನಲ್ಲಿ, ಇನ್ನೊಂದು ಗುಂಪು ತಮ್ಮ ಇಕ್ಕಟ್ಟಿನ ಮನೆಗಳಲ್ಲಿ. ಇಬ್ಬರಿಗೂ ಒಂದು ವರ್ಷ ಐಸೊನಯಾಜಿಡ್ ಮತ್ತು ಪಿ.ಎ.ಎಸ್. ಔಷಧಿ. ಮನೆಯಲ್ಲಿದ್ದವರು ತಿಂದದ್ದು ಕಡಿಮೆ, ದುಡಿದದ್ದು ಹೆಚ್ಚು, ಗಾಳಿ ಬೆಳಕು ಅಷ್ಟಕ್ಕಷ್ಟೆ. ಆದರೂ ಗುಣವಾದವರ ಪ್ರಮಾಣ ಹೆಚ್ಚುಕಡಿಮೆ ಸಮವಾಗಿತ್ತು. ಮನೆಯವರಿಗೆ ಸೋಂಕು ತಗುಲುವ ಅಪಾಯವೂ ಹೆಚ್ಚಾಗಲಿಲ್ಲ. ಔಷಧಿ ತಪ್ಪದೆ ನುಂಗಿದರೆ ಬೆಟ್ಟ, ಬಾಲ್ಕನಿ, ವರ್ಷಗಟ್ಟಲೆ ವಿಶ್ರಾಂತಿ ಯಾವುದೂ ಬೇಕಿಲ್ಲ ಎಂದಾಯಿತು. ಜಗತ್ತಿನ ಸ್ಯಾನಿಟೋರಿಯಂಗಳ ಬುನಾದಿಯನ್ನೇ ಅಲುಗಿಸಿದ ಫಲಿತಾಂಶ ಅದು.

ಮರುವರ್ಷ, 1960ರ ಸೆಪ್ಟೆಂಬರ್ 16ರಂದು, ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯನ್ನು ನೆಹರೂ ಉದ್ಘಾಟಿಸಿದರು. ಪತ್ನಿ ಕಮಲಾರನ್ನು ಭೊವಾಲಿಯಿಂದ ಯುರೋಪಿನವರೆಗೆ ಸ್ಯಾನಿಟೋರಿಯಂಗಳಲ್ಲಿ ಇರಿಸಿ, 1936ರಲ್ಲಿ ಲಾಸಾನ್‌ನಲ್ಲಿ ಕಳೆದುಕೊಂಡವರು ಅವರು. ಈ ಸಂಸ್ಥೆಯ ಸಂಶೋಧಕರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಕ್ಷಯ ಇದ್ದವರನ್ನು ಹುಡುಕಿ ಮಾತನಾಡಿಸಿದರು. ಬಹುತೇಕ ಎಲ್ಲರಿಗೂ ತಮಗೇನೋ ಕಾಯಿಲೆಯಿದೆ ಎಂದು ಗೊತ್ತಿತ್ತು. ಅರ್ಧದಷ್ಟು ಜನ ಆಗಲೇ ಎಲ್ಲೋ ಹೋಗಿ ತೋರಿಸಿಕೊಂಡಿದ್ದರು. ಹಳ್ಳಿಯವರಿಗೆ ತಿಳಿವಳಿಕೆ ಸಾಲದು ಎಂಬ ಅಧಿಕಾರಿಗಳ ನೆಚ್ಚಿನ ಮಾತಿಗೆ 1963ರಲ್ಲಿ ಪ್ರಕಟವಾದ ಈ ಅಧ್ಯಯನ ಪೆಟ್ಟುಕೊಟ್ಟಿತು. ಊರಿನ ಸಾಮಾನ್ಯ ದವಾಖಾನೆಯಲ್ಲೇ ಕಫ ಪರೀಕ್ಷೆ, ಮನೆಯಲ್ಲೇ ಔಷಧಿ ಎಂಬ ರಾಷ್ಟ್ರೀಯ ಕಾರ್ಯಕ್ರಮ ಹುಟ್ಟಿದ್ದು ಇಂಥ ಕೆಲಸದಿಂದ.

ಅಂದರೆ, ದೂರದ ಸ್ಯಾನಿಟೋರಿಯಂನಲ್ಲಿ ವರ್ಷಗಟ್ಟಲೆ ಮಲಗಿದ್ದ ಮಕ್ಕಳ ಕೊನೆಯ ತಲೆಮಾರು ಸುಮಾರಾಗಿ 1960ರ ಆಸುಪಾಸಿನದು. ಬದುಕಿರುವವರಲ್ಲಿ ಎಲ್ಲರಿಗಿಂತ ಕಿರಿಯರಿಗೂ ಈಗ ಎಪ್ಪತ್ತು ಸಮೀಪಿಸಿದೆ. ವಿಧಾನಸೌಧದಲ್ಲಿರುವ ರಾಜ್ಯ ಪತ್ರಾಗಾರಕ್ಕೆ ಹೋಗಿ ಮೈಸೂರು ಸಂಸ್ಥಾನದ ಹಳೆಯ ಆಡಳಿತ ವರದಿಗಳನ್ನು ಓದುವುದನ್ನು ಮುಂದೆ ಹಾಕಬಹುದು. ಮನೆಯ ಹಿರಿಯರನ್ನು ಮೊದಲು ಮಾತನಾಡಿಸಿ. ರೋಗದಿಂದ ಆರಂಭಿಸಬೇಡಿ, ಆ ಪ್ರಶ್ನೆಗೆ ಬಾಯಿ ಮುಚ್ಚಿಕೊಳ್ಳುವುದು ಅಭ್ಯಾಸವಾಗಿರುತ್ತದೆ. ಬೆಳಗ್ಗೆ ತಿನ್ನಲು ಏನು ಕೊಡುತ್ತಿದ್ದರು, ಮೊಟ್ಟೆ ಬೇಡ ಎಂದರೆ ಏನು ಮಾಡುತ್ತಿದ್ದರು, ಪಕ್ಕದ ಮಂಚದಲ್ಲಿ ಯಾರಿದ್ದರು, ಅವರು ಯಾವ ಊರಿನವರು, ಸಂಜೆ ಜ್ವರ ನೋಡಲು ಬರುತ್ತಿದ್ದ ನರ್ಸು ಯಾವ ಭಾಷೆ ಆಡುತ್ತಿದ್ದರು ಎಂದು ಕೇಳಿ. ಅವರ ಅಣ್ಣನೋ ತಂಗಿಯೋ ಇದ್ದರೆ ಅವರನ್ನು ಬೇರೆಯಾಗಿ ಕೂರಿಸಿಕೊಂಡು, ಆ ವರ್ಷ ಮನೆಯಲ್ಲಿ ಏನೇನು ಮಾರಿದರು ಎಂದು ವಿಚಾರಿಸಿ. ಎಷ್ಟೋ ಮನೆಗಳಲ್ಲಿ ಹೊಲದ ಪತ್ರದ ತಾರೀಖೇ ಆಸ್ಪತ್ರೆಗೆ ಸೇರಿಸಿದ ತಾರೀಖನ್ನೂ ಹೇಳಿಬಿಡುತ್ತದೆ.